ಬಿಪಿ ನೋಡಿದ ಸೋಮವಾರ

ಕೊಟ್ಟೂರಿನ ನಮ್ಮ ಮೆಕ್ಕೆಜೋಳದ ಗೋದಾಮಿನಲ್ಲಿ ನೌಕರರ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಒಂದು ಸೋಮವಾರ. ಬಿಪಿ ನೋಡಲು ನರ್ಸ್ ಬಂದಿದ್ದರು. ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದು. ಹಮಾಲರಲ್ಲಿ ಹಿರಿಯರಾದ ಕಾಕಾ ಅವರ ಸರದಿ ಬಂದಾಗ ಹುಡುಗರು ಕೆಣಕಿದರು.

“ಮುದುಕ ಆಗೀದಿ ಕಾಕಾ, ನೀ ಪಾಸಾಗಂಗಿಲ್ಲ ಬಿಡು!”

“ಯಾವನಲೇ ಮುದುಕ?” ಎಂದ ಕಾಕಾ ಒಂದು ಚೀಲ ಹೊತ್ತು, ಹಲಗೆ ಏರಿ ಲಾರಿಗೆ ಹಾಕಿ, ಓಡುತ್ತಲೇ ಬಂದು ನರ್ಸ್ ಮುಂದೆ ತೋಳು ಚಾಚಿದರು. ಶಕ್ತಿ ತೋರಿಸಿದರೆ ಪಾಸು ಎಂದು ನಂಬಿದ್ದರು. ಬಿಪಿ ವಿಪರೀತ ಏರಿತ್ತು.

“ಸ್ವಲ್ಪ ಕೂತು ಸುಧಾರಿಸ್ಕೊಳ್ಳಲಿ, ಮತ್ತೊಮ್ಮೆ ನೋಡ್ತೀನ್ರಿ” ಎಂದರು ನರ್ಸ್, ಪಕ್ಕದಲ್ಲೇ ನಿಂತಿದ್ದ ಗೋದಾಮಿನ ಮ್ಯಾನೇಜರ್‌ಗೆ.

ಮ್ಯಾನೇಜರ್ ಕಾಯಲಿಲ್ಲ. “ನಾಳಿಂದ ಬರಬ್ಯಾಡ್ರಿ ಕಾಕಾ. ನಿಮ್ಮ ಆರೋಗ್ಯಕ್ಕಂತನ ಹೇಳಾಕತ್ತೀನಿ.”

“ಸಾಹೇಬ್ರ, ಚೀಲ ಹೊರೋದು ಬಿಟ್ರ ನಂಗ ಬ್ಯಾರೆ ಏನ್ ಬರ್ತೈತ್ರಿ?”

“ವಾಕಿಂಗ್ ಮಾಡ್ರಿ.”

ಹುಡುಗರು ನಕ್ಕರು.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ನಮ್ಮೆಲ್ಲರಿಂದ ವ್ಯಾಯಾಮ ಮಾಡಿಸುತ್ತಿದ್ದಾಗ ಕಾಕಾ ಗೇಟಿನ ಹೊರಗೆ ಬಂದು ನಿಂತರು. ಅಂಗಿಯ ತೋಳನ್ನು ಆಗಲೇ ಮಡಚಿಕೊಂಡಿದ್ದರು.

“ಇವತ್ತು ಏನೂ ಹೊತ್ತಿಲ್ರಿ, ಈಗ ನೋಡ್ರಿ” ಎಂದು ಸರಳುಗಳ ನಡುವೆ ಕೈ ಒಳಗೆ ತೂರಿಸಿದರು.

ನರ್ಸ್ ಅಂದು ಹಡಗಲಿಯ ಗೋದಾಮಿಗೆ ಹೋಗಿದ್ದರು. ಮ್ಯಾನೇಜರ್ ನಮಗೆ, “ಕೈ ಮ್ಯಾಲೆ ಎತ್ರಿ” ಎಂದರು. ಎತ್ತಿದೆವು.