ಸಕ್ಕರೆಬಾಯಿ ಸಕ್ಕರೆ ಬಿಟ್ಟ ದಿನ

ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಸಕ್ಕರೆಬಾಯಿ ಅಂದರೆ ಸಾಕು, ಬಸ್ಸಿನ ಡ್ರೈವರಿನಿಂದ ಹಿಡಿದು ಪಿಂಗಾಣಿ ಕಾರ್ಖಾನೆಯ ಯಜಮಾನರವರೆಗೆ ಎಲ್ಲರಿಗೂ ಗೊತ್ತು. ಕೆಲಸ ದುಭಾಷಿಯದು. ಆಚೆಯವರ ಮಾತನ್ನು ಈಚೆಗೆ, ಈಚೆಯವರ ಮಾತನ್ನು ಆಚೆಗೆ ದಾಟಿಸುವುದು. ದಾಟಿಸುವಾಗ ಮಧ್ಯದಲ್ಲಿ ಒಂದು ಹಿಡಿ ಸಕ್ಕರೆ ಬೆರೆಸುತ್ತಿದ್ದಳು, ಅದಕ್ಕೇ ಆ ಅಡ್ಡಹೆಸರು.

ಪ್ರತಿ ಬೇಸಿಗೆಯಲ್ಲೂ ದೂರದೇಶದ ಒಂದು ವಿಶ್ವವಿದ್ಯಾಲಯ ಒಂದು ಬಸ್ಸು ತುಂಬುವಷ್ಟು ಹುಡುಗ ಹುಡುಗಿಯರನ್ನು ಒಂದು ತಿಂಗಳ ಮಟ್ಟಿಗೆ ಆ ಊರಿಗೆ ಕಳಿಸುತ್ತಿತ್ತು. ಬೆಳಗ್ಗೆ ಶಾಲೆಯ ಮಹಡಿ ಕೋಣೆಯಲ್ಲಿ ಪಾಠ, ಮಧ್ಯಾಹ್ನ ಕಾರ್ಖಾನೆಗಳಿಗೆ ಓಡಾಟ. ಕೊನೆಗೆ ಒಂದು ಪ್ರಬಂಧ, ಒಂದು ಸರ್ಟಿಫಿಕೇಟು, ಒಂದು ಗುಂಪು ಫೋಟೊ. ಬರುವಾಗ ಮಣ್ಣು ಮುಟ್ಟಲು ಹೇಸುತ್ತಿದ್ದ ಮಕ್ಕಳು ಹೋಗುವಾಗ ಉಗುರಿನ ಸಂದಿಯ ಮಣ್ಣನ್ನು ತೊಳೆಯದೆ ಹೋಗುತ್ತಿದ್ದರು. ಪಾಪ, ಮಕ್ಕಳ ಮೇಲೆ ಅವಳಿಗೆ ಯಾವ ದ್ವೇಷವೂ ಇರಲಿಲ್ಲ.

ದ್ವೇಷವಿದ್ದದ್ದು ಅವರನ್ನು ಕರೆತರುವ ದೊಡ್ಡ ಮೇಷ್ಟ್ರ ಮೇಲೆ. ಹದಿನಾಲ್ಕು ವರ್ಷ ಊರಿಗೆ ಬಂದುಹೋದರೂ ಅವರು ಕಲಿತದ್ದು ‘ಚೆನ್ನಾಗಿದೆ’ ಎಂಬ ಒಂದೇ ಮಾತು. ಮಿಕ್ಕಿದ್ದಕ್ಕೆಲ್ಲ ಇವಳ ಬಾಯಿ ಇತ್ತಲ್ಲ!

ಒಂದು ದಿನ ಮಣ್ಣು ಹದ ಮಾಡುವ ಹೆಂಗಸು ಒಬ್ಬ ಉದ್ದನೆಯ ಹುಡುಗನನ್ನು ನೋಡಿ, “ಅಯ್ಯೋ, ಇವ್ನು ಮಣ್ಣು ತುಳಿಯೋದ್ ನೋಡೇ, ಹಾವು ಮೆಟ್ಟಿದೋನ ಹಾಗೆ ಕುಣೀತಾನೆ” ಅಂದಳು. ಸಕ್ಕರೆಬಾಯಿ ಅದನ್ನು ದಾಟಿಸಿದ್ದು ಹೀಗೆ: “ನಿನ್ನ ಹೆಜ್ಜೆಯಲ್ಲಿ ತುಂಬಾ ಉತ್ಸಾಹ ಇದೆಯಂತೆ.” ಹುಡುಗ ಹಿಗ್ಗಿ ಹೀರೇಕಾಯಿಯಾಗಿ ಇನ್ನೂ ಜೋರಾಗಿ ಕುಣಿದ. ಮೇಷ್ಟ್ರು ಕಾರ್ಖಾನೆಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು, “ಈ ಜನ ಇಲ್ಲಿ ಹೇಗೆ ಉಸಿರಾಡುತ್ತಾರೋ, ದನದ ಕೊಟ್ಟಿಗೆ ವಾಸಿ” ಅಂದರೆ, ಅದು ಈಚೆ ಬರುವಷ್ಟರಲ್ಲಿ “ನಿಮ್ಮ ದುಡಿಮೆ ನೋಡಿ ಮೇಷ್ಟ್ರಿಗೆ ಮಾತೇ ಹೊರಡ್ತಿಲ್ಲ” ಎಂದಾಗಿರುತ್ತಿತ್ತು. ಎರಡೂ ಕಡೆಯವರು ಹಲ್ಲು ಕಿರಿದು ತಲೆಯಾಡಿಸುತ್ತಿದ್ದರು. ಅವಳ ಹೊಟ್ಟೆಯೊಳಗೆ ಮಾತ್ರ ಬೆಂಕಿ ಹಾಗೇ ಇತ್ತು.

ಆ ಬೆಂಕಿ ಹತ್ತಿದ್ದು ಮೊದಲ ವರ್ಷವೇ. ಆಗ ಅವಳು ಕಾಲೇಜು ಮುಗಿಸಿದ ಹುಡುಗಿ. ಅಪ್ಪ ಪಿಂಗಾಣಿ ಕಾರ್ಖಾನೆಯ ಭಟ್ಟಿ ಮೇಸ್ತ್ರಿ. ಮಗಳಿಗೆ ಪರಭಾಷೆ ಕಲಿಸಬೇಕೆಂದು ಹಟ ಹಿಡಿದವನೂ ಅವನೇ. “ನನ್ ಮಗಳು ಬಾಯಿ ಬಿಟ್ರೆ ಎರಡು ದೇಶ ತಲೆ ಆಡಿಸ್ಬೇಕು” ಎಂದು ಕಂಡಕಂಡವರ ಹತ್ತಿರ ಜಂಬ ಕೊಚ್ಚುತ್ತಿದ್ದ.

ಭಟ್ಟಿಯ ಕೆಲಸಕ್ಕೆ ಅದರದೇ ಕಟ್ಟುಪಾಡು. ತಟ್ಟೆ, ಬೋಗುಣಿ, ಜಾಡಿ ಎಲ್ಲ ಒಳಗೆ ಪೇರಿಸಿ, ಬಾಗಿಲಿಗೆ ಇಟ್ಟಿಗೆ ಇಟ್ಟು, ಮಣ್ಣು ಮೆತ್ತಿ ಬೆಂಕಿ ಕೊಡುತ್ತಾರೆ. ಸುಡುವುದು ಮುಗಿದ ಮೇಲೆ ತಾನಾಗಿ ಆರುವ ತನಕ ಆ ಬಾಗಿಲನ್ನು ಯಾರೂ ಮುಟ್ಟುವ ಹಾಗಿಲ್ಲ. ಬಿಸಿಯಿರುವಾಗಲೇ ತಣ್ಣನೆಯ ಗಾಳಿ ಒಳಹೊಕ್ಕರೆ ಮುಗೀತು, ಅಷ್ಟೂ ಸಾಮಾನು ಬಿರುಕು. ಮೊದಲ ಇಟ್ಟಿಗೆ ತೆಗೆಯುವವನು ಮೇಸ್ತ್ರಿ. ಅವಸರ ಮಾಡು ಎಂದು ಅವನಿಗೆ ಹೇಳುವ ಹಕ್ಕು ಯಜಮಾನರೊಬ್ಬರದೇ.

ಆ ದಿನ ಯಜಮಾನರು ಊರಲ್ಲಿರಲಿಲ್ಲ. ಮೇಷ್ಟ್ರಿಗೆ ತಮ್ಮ ಹುಡುಗರಿಗೆ ಭಟ್ಟಿ ತೆರೆಯುವುದನ್ನು ತೋರಿಸಲೇಬೇಕಿತ್ತು. ಮಾರನೆಯ ದಿನ ಬೇರೆ ಊರಿಗೆ ಹೊರಡಬೇಕು. ಅಪ್ಪ, “ನಾಳೆವರೆಗೆ ಆಗಲ್ಲ ಅಂತ ಹೇಳಮ್ಮ” ಅಂದ. ಮೇಷ್ಟ್ರು ನಕ್ಕು, “ಯಜಮಾನರ ಹತ್ತಿರ ಮಾತಾಡಿದ್ದೇನೆ, ತೆರೆಯಲು ಒಪ್ಪಿದ್ದಾರೆ ಎಂದು ಹೇಳು” ಅಂದರು. ತಾನಿಲ್ಲದೆ ಇಬ್ಬರೂ ಹೇಗೆ ಮಾತಾಡಿದರು ಎಂದು ಆಗ ಹೊಳೆಯಲಿಲ್ಲ, ಅವಳು ಹೇಳಿದಳು. ಬೇರೆ ಯಾರು ಹೇಳಿದ್ದರೂ ಅಪ್ಪ ನಂಬುತ್ತಿರಲಿಲ್ಲ. ಹೇಳಿದ್ದು ಮಗಳ ಬಾಯಿ. ಅವನು ಒದ್ದೆ ಚೀಲ ಸುತ್ತಿಕೊಂಡು ಇಟ್ಟಿಗೆಗೆ ಕೈ ಹಾಕಿದ.

ಒಳಗಿನಿಂದ ಟಣ್ ಟಣ್ ಎಂದು ಶುರುವಾದ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ನುಗ್ಗಿದ ಝಳಕ್ಕೆ ಅಪ್ಪನ ಬಲಗೈ ಮೊಣಕೈವರೆಗೆ ಬೆಂದಿತು. ಹುಡುಗರು ಮೊದಲು ಚಪ್ಪಾಳೆ ಹೊಡೆದು ಆಮೇಲೆ ಹಿಂದೆ ಸರಿದರು.

ಸಂಜೆ ಯಜಮಾನರು ಓಡಿಬಂದರು. ಮೇಷ್ಟ್ರಿಗೆ ಗೂಬೆ ಕೂರಿಸಲು ತಲೆ ಹುಡುಕಬೇಕಾಗಿಯೇ ಇರಲಿಲ್ಲ, ಎದುರಿಗೇ ಅಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. “ನಾನು ಏನೂ ಕೇಳಲಿಲ್ಲ. ಹುಡುಗರ ಮುಂದೆ ಮೆರೆಯಬೇಕೆಂದು ಅವನೇ ತೆರೆದ, ಹಾಗಂತ ಹೇಳು” ಅಂದರು. ಅವಳು ಅವರ ಮುಖ ನೋಡಿದಳು, ಯಜಮಾನರ ಮುಖ ನೋಡಿದಳು. ಹೇಳಿದ್ದನ್ನು ಹೇಳಬೇಕು, ನಿನ್ನದೊಂದು ಮಾತೂ ಸೇರಿಸಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ಮೇಷ್ಟ್ರು ಎಚ್ಚರಿಸಿದ್ದರು. ಹೆದರಿದ ಹುಡುಗಿ ಆ ನಿಯಮದ ಹಿಂದೆ ಅಡಗಿಕೊಂಡಳು. ಹೆತ್ತ ಅಪ್ಪನ ಎದುರು, ಸ್ಪಷ್ಟವಾಗಿ, ತಪ್ಪಿಲ್ಲದೆ ಹೇಳಿದಳು: “ಮೆರೀಬೇಕು ಅಂತ ಅವ್ನೇ ತೆರೆದ.”

ಅಪ್ಪ ಮಗಳ ಮುಖವನ್ನೇ ನೋಡಿದ. ಯಜಮಾನರು ಅವನನ್ನು ಏನೂ ಕೇಳಲೂ ಇಲ್ಲ, ಅಲ್ಲೇ ಕೆಲಸದಿಂದ ತೆಗೆದರು. ಭಟ್ಟಿ ಒಡೆದವನು ಎಂಬ ಹೆಸರು ಹೊತ್ತವನಿಗೆ ಬೇರೆ ಯಾವ ಭಟ್ಟಿಯವರು ಕೆಲಸ ಕೊಡುತ್ತಾರೆ? ಕೊನೆಗೆ ಅದೇ ಶಾಲೆಯಲ್ಲಿ ಜವಾನನಾದ. ಬೇಸಿಗೆಯಲ್ಲಿ ಮಹಡಿ ಕೋಣೆಯ ಬೀಗ ತೆಗೆಯುವುದು, ಬೆಂಚು ಒರೆಸುವುದು, ದೊಡ್ಡ ಮೇಷ್ಟ್ರಿಗೆ ಕುರ್ಚಿ ಹಾಕುವುದು. ಮೇಷ್ಟ್ರು ಅವನ ಕೈಗೆ ಕೊಡೆ ಕೊಟ್ಟು ಒಳಗೆ ಹೋಗುತ್ತಿದ್ದರು. ಗುರುತು ಹಿಡಿಯಲು ಮುಖ ನೋಡಿದ್ದರೆ ತಾನೇ! ಮನೆಯಲ್ಲಿ ಅಪ್ಪ ಮಗಳ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದ. ಊಟ ಆಯ್ತಾ, ದೀಪ ಆರಿಸು, ಅಷ್ಟೆ.

ಅವಳೇಕೆ ಅದೇ ಮೇಷ್ಟ್ರ ಕೆಲಸದಲ್ಲಿ ಉಳಿದಳು ಎಂದು ಊರಿನವರು ಮೂಗು ಮುರಿದರು. ಮುರಿಯಲಿ. ಮೊದಲ ವರ್ಷಗಳಲ್ಲಿ ಭಯ ಇತ್ತು, ನಿಜ. ಆಮೇಲೆ ಭಯ ಆರಿ ಹೋಯಿತು, ಸಿಟ್ಟು ಉಳಿಯಿತು. ಬರೀ ಬೈದು ಹೊರಟುಹೋದರೆ ಏನು ಬಂತು? ಅವಳಿಗೆ ಬೇಕಿದ್ದದ್ದು ಒಂದೇ: ಮೇಷ್ಟ್ರು, ಯಜಮಾನರು, ಅಪ್ಪ ಮೂವರೂ ಒಂದೇ ಕೋಣೆಯಲ್ಲಿರಬೇಕು, ಸತ್ಯ ಮೇಷ್ಟ್ರ ಬಾಯಿಂದಲೇ ಬೀಳಬೇಕು, ಅಪ್ಪ ಬದುಕಿರುವಾಗಲೇ ಬೀಳಬೇಕು. ಸಕ್ಕರೆ ಬೆರೆಸುತ್ತಾ ಬೆರೆಸುತ್ತಾ ಅವಳು ಮೇಷ್ಟ್ರನ್ನು ಓದಿಕೊಂಡಳು. ಸಿಟ್ಟು ಬಂದರೆ ಅವರ ಬಾಯಿಗೆ ಬೀಗವಿಲ್ಲ. ಪಕ್ಕದಲ್ಲಿ ನಿಂತ ಇವಳನ್ನು ಅವರು ಮನುಷ್ಯಳೆಂದೇ ಎಣಿಸಿರಲಿಲ್ಲ, ಅದಕ್ಕೇ ಇವಳೆದುರು ಏನನ್ನಾದರೂ ಉಗುಳುತ್ತಿದ್ದರು.

ಈ ಬೇಸಿಗೆಯಲ್ಲಿ ಅವಕಾಶ ತಾನಾಗಿಯೇ ಕೈಗೆ ಬಂತು. ಕಾರ್ಖಾನೆಯ ಕಾಂಪೌಂಡಿನೊಳಗೇ ವಿಶ್ವವಿದ್ಯಾಲಯದ ಸ್ವಂತ ತರಗತಿ ಕೋಣೆ ಕಟ್ಟುವುದೆಂದು ಮಾತಾಗಿತ್ತು. ಮೇಷ್ಟ್ರು ಅದನ್ನು ತಮ್ಮ ಬದುಕಿನ ದೊಡ್ಡ ಸಾಧನೆ ಎಂದು ಹೋದಲ್ಲೆಲ್ಲ ಹೇಳಿಕೊಂಡಿದ್ದರು. ಯಜಮಾನರ ಸಹಿಯೊಂದೇ ಬಾಕಿ. ವರ್ಷವೂ ಹೋಟೆಲಿನಲ್ಲಿ ನಡೆಯುತ್ತಿದ್ದ ಮುಕ್ತಾಯದ ಸಭೆಯನ್ನು ಯಜಮಾನರ ಮಾತಿನಂತೆ ಶಾಲೆಯ ಮಹಡಿ ಕೋಣೆಯಲ್ಲಿ ಇಟ್ಟುಕೊಂಡರು. ಬೆಂಚುಗಳಲ್ಲಿ ವಿದ್ಯಾರ್ಥಿಗಳು, ಕಾರ್ಖಾನೆಯ ಕೆಲಸಗಾರರು. ಬಾಗಿಲ ಹತ್ತಿರ ನೀರಿನ ಲೋಟಗಳ ತಟ್ಟೆ ಹಿಡಿದು ಅಪ್ಪ. ಅವಳಿಗೆ ಒಳಗೊಳಗೇ ಎಂಥದೋ ಖುಷಿಯಾಗುತ್ತಿತ್ತು.

ಮೇಷ್ಟ್ರು ಎದ್ದು ನಿಂತು ಸಭೆಯ ಕಡೆ ನಗುತ್ತಾ, ಎಂದಿನ ಧಾಟಿಯಲ್ಲೇ ದನಿ ತಗ್ಗಿಸಿ ಅವಳಿಗೆ ಹೇಳಿದರು. ಅವಳು ಯಜಮಾನರ ಕಡೆ ತಿರುಗಿ ದಾಟಿಸಿದಳು.

“ಈ ದಡ್ಡ ಮುದುಕನಿಗೆ ಏನಾದ್ರೂ ಸಿಹಿಯಾಗಿ ಹೇಳು, ಬೇಗ ಸಹಿ ಒತ್ತಲಿ, ನನಗೆ ಸೆಖೆ ತಡೆಯೋಕಾಗ್ತಿಲ್ಲ, ಅಂತಾರೆ ಮೇಷ್ಟ್ರು.”

ಹಿಂದಿನ ಬೆಂಚಿನಲ್ಲಿ ಮಣ್ಣಿನ ಕೆಲಸದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಯಜಮಾನರು ಕನ್ನಡಕ ತೆಗೆದರು. “ಏನಮ್ಮಾ ಇದು? ಯಾರ ಮಾತು?”

“ಅವ್ರದೇ ಯಜಮಾನ್ರೇ. ಇವತ್ತು ನಾನು ಏನೂ ಬೆರೆಸ್ತಿಲ್ಲ.”

“ಹಾಗೋ! ಮುದುಕ ಹೌದು, ದಡ್ಡ ಅಲ್ಲ ಅಂತ ಹೇಳು ಆ ಬೋಳುತಲೆಗೆ.”

ಅವಳು ಬೋಳುತಲೆಯ ಸಮೇತ ದಾಟಿಸಿದಳು. ವಿದ್ಯಾರ್ಥಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. “ನಿನಗೇನು ಹುಚ್ಚು ಹಿಡಿದಿದೆಯಾ? ಅವನಿಗೆ ಏನಂದೆ? ತಪ್ಪಾಯಿತು ಅನ್ನು, ನೀನೇ ತಪ್ಪಾಗಿ ಹೇಳಿದೆ ಅನ್ನು” ಎಂದು ಹಲ್ಲು ಕಡಿದರು.

ಅವಳು ಸಭೆಗೆ ತಿರುಗಿದಳು. “ನಾನೇ ತಪ್ಪಾಗಿ ಹೇಳ್ದೆ ಅಂತ ನಾನು ನಿಮಗೆ ಹೇಳ್ಬೇಕಂತೆ. ನನಗೆ ಹುಚ್ಚಾ ಅಂತಾನೂ ಕೇಳ್ತಿದಾರೆ.”

ಕೆಲಸಗಾರರು ಗೊಳ್ಳೆಂದು ನಕ್ಕರು. ಆ ನಗು ಏತಕ್ಕೆಂದು ಮೇಷ್ಟ್ರಿಗೆ ಯಾರು ಹೇಳಬೇಕು? ಊರಿನಲ್ಲಿ ಅವರಿಗಿದ್ದದ್ದು ಒಂದೇ ಬಾಯಿ, ಅದು ಇವತ್ತು ಅವರ ಮಾತು ಕೇಳುತ್ತಿಲ್ಲ. ಅವಳಿಗೆ ಹಾಯೆನಿಸಿತು. ಸುಳ್ಳೇಕೆ, ಬಹಳ ಹಾಯೆನಿಸಿತು. ಇನ್ನೊಂದು ಸ್ವಲ್ಪ ಉರಿಸಿದರೆ ಸಾಕೆಂದು, ಮೇಷ್ಟ್ರ ಭಾಷೆಯಲ್ಲೇ ತಣ್ಣಗೆ ಕೇಳಿದಳು, “ನೀವು ಹೇಳಿದ್ದನ್ನು ಹೇಳುವುದು ತಾನೇ ನನ್ನ ಕೆಲಸ? ಭಟ್ಟಿ ತೆರೆಸಿದ ದಿನವೂ ಅದನ್ನೇ ಮಾಡಿದೆನಲ್ಲ.”

ಮೇಷ್ಟ್ರಿಗೆ ತಲೆ ಕೆಟ್ಟಿತು. ತಮ್ಮ ವಿದ್ಯಾರ್ಥಿಗಳು ಎದುರಿಗೆ ಕೂತಿದ್ದಾರೆಂಬುದೂ ಮರೆತುಹೋಯಿತು. ಮೇಜು ಗುದ್ದಿ ಕೂಗಿದರು. ಅವರು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಅವಳು ಒಂದಕ್ಷರ ಬಿಡದೆ ದಾಟಿಸುತ್ತಾ ಹೋದಳು.

“ಆ ಭಟ್ಟಿ ಬಾಗಿಲು ತೆಗೆಸಿದ್ದು ನಾನು ಅಂತ ನಿನಗೆ ಗೊತ್ತಿತ್ತು. ಯಜಮಾನ್ರ ಹೆಸರಲ್ಲಿ ಸುಳ್ಳು ಹೇಳಿದ್ದೂ ಗೊತ್ತಿತ್ತು. ಆದ್ರೂ ಅವತ್ತು, ಆ ಕೆಲಸದವನೇ ತೆರೆದ ಅಂತ ಕಣ್ಣು ಮಿಟುಕಿಸದೆ ಹೇಳಿದೆ. ಅದಕ್ಕೇ ವರ್ಷಾ ವರ್ಷಾ ನಿನಗೆ ಕೆಲಸ ಕೊಟ್ಟೆ. ಈಗೇನು ಬಂತು ನಿನಗೆ ರೋಗ?”

ಮೇಷ್ಟ್ರ ಜೊತೆ ತಾನೂ ಬೆತ್ತಲಾಗುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಮಾತನ್ನೂ ನುಂಗಲಿಲ್ಲ.

ಯಜಮಾನರು ವಿದ್ಯಾರ್ಥಿಗಳ ಕಡೆ ನೋಡಿದರು. ಮೊದಲ ಬೆಂಚಿನ ಹುಡುಗಿಯೊಬ್ಬಳು, ಇಷ್ಟು ದಿನದಲ್ಲಿ ನಾಲ್ಕು ಮಾತು ಕಲಿತವಳು, ಮೆಲ್ಲಗೆ ಅಂದಳು, “ಹೌದು. ಅವರು ಹಾಗೇ ಹೇಳಿದರು.”

ಯಜಮಾನರು ಮುಂದಿದ್ದ ಕಾಗದವನ್ನು ಎರಡಾಗಿ ಹರಿದರು. ಎದ್ದು ಬಾಗಿಲ ಹತ್ತಿರ ಹೋಗಿ ಅಪ್ಪನ ಎದುರು ನಿಂತರು. “ಮೇಸ್ತ್ರೀ, ನನ್ನಿಂದ ದೊಡ್ಡ ಅನ್ಯಾಯ ಆಯ್ತಪ್ಪ. ನಾಳೆಯಿಂದ ಬಾ. ಭಟ್ಟಿ ನಿನ್ನದೇ.”

ಅಪ್ಪ ತಟ್ಟೆಯನ್ನು ಬೆಂಚಿನ ಮೇಲಿಟ್ಟ. “ಅವತ್ತು ನೀವು ನನ್ನ ಒಂದ್ ಮಾತು ಕೇಳಿದ್ರೆ ಸಾಕಿತ್ತು ಯಜಮಾನ್ರೇ. ಎದುರಿಗೇ ನಿಂತಿದ್ದೆ. ಈ ಕೈಲಿ ಈಗ ಲೋಟ ಎತ್ತೋದೇ ಕಷ್ಟ. ನಿಮ್ ಭಟ್ಟಿ ನೀವೇ ಇಟ್ಕೊಳಿ.”

ಯಜಮಾನರು ತಲೆ ತಗ್ಗಿಸಿದರು. ಇತ್ತ ಮೇಷ್ಟ್ರು ಅವಳ ತೋಳು ಜಗ್ಗಿ ಕೇಳುತ್ತಿದ್ದರು, “ಯಾರವನು? ಏನು ಹೇಳುತ್ತಿದ್ದಾನೆ? ಹೇಳು, ಏನಂದ?”

ಅವಳು ತೋಳು ಕೊಡವಿಕೊಂಡಳು. “ಅವರು ನಮ್ಮಪ್ಪ” ಎಂದಳು ಅವರದೇ ಭಾಷೆಯಲ್ಲಿ. “ನೀನು ಸುಟ್ಟದ್ದು ಅವರ ಕೈ. ಅವರೇನಂದರು ಅಂತ ನಿನಗೆ ಹೇಳಲ್ಲ. ಸಾಯೋವರೆಗೂ ಯೋಚಿಸ್ತಾ ಇರು.”

ಮೇಷ್ಟ್ರ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು, ಅವರ ಮುಖ ನೋಡದೆ ಮೆಟ್ಟಿಲಿಳಿದು ಹೋದರು.

ಎಲ್ಲರೂ ಹೋದ ಮೇಲೆ ಅಪ್ಪ ಬೆಂಚುಗಳನ್ನು ಸರಿಪಡಿಸಿದ, ಕಿಟಕಿ ಹಾಕಿದ, ಬೀಗ ಜಡಿದ. ಅವಳು ಕಾದು ನಿಂತಿದ್ದಳು. ಇನ್ನು ಮುಂದೆ ಕೆಲಸವಿಲ್ಲ ಎಂಬ ಚಿಂತೆ ಆಗ ನೆನಪಿಗೇ ಬರಲಿಲ್ಲ. ಭೇಷ್ ಮಗಳೇ ಅನ್ನುತ್ತಾನೆ, ಹೆಗಲ ಮೇಲೆ ಕೈಯಿಡುತ್ತಾನೆ ಎಂದು ಅವನ ಕೈಯನ್ನೇ ನೋಡುತ್ತಿದ್ದಳು.

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬಂದರು. ತಿರುವಿನಲ್ಲಿ ಅಪ್ಪ ಅವಳ ಕಡೆ ನೋಡದೆಯೇ ಕೇಳಿದ.

“ಇಷ್ಟು ಚೆನ್ನಾಗಿ ಹೇಳೋಕೆ ಬರುತ್ತಲ್ಲೇ ನಿನಗೆ. ಅವತ್ತು ಯಾಕೆ ಹೇಳ್ಲಿಲ್ಲ?”

ಎರಡು ಭಾಷೆ ಬಲ್ಲ ಅವಳಿಗೆ ಒಂದರಲ್ಲೂ ಉತ್ತರ ಸಿಗಲಿಲ್ಲ. ಅಪ್ಪ ಮುಂದೆ ನಡೆದ.