ಸೋರೆಕಾಯಿ ಮುಟ್ಟದ ಮನೆ

ದುರಂತ ನಾಯಕ ಎನ್ನಿಸಿಕೊಳ್ಳಬೇಕಾದರೆ ಮನುಷ್ಯ ಮೊದಲು ದೊಡ್ಡವನಾಗಿರಬೇಕು ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳಿದ್ದರು. ಕೊಯಮತ್ತೂರಿನ ಕಾಲೇಜು, ಮಧ್ಯಾಹ್ನ ಊಟವಾದ ಮೇಲಿನ ತರಗತಿ, ಹಿಂದಿನ ಬೆಂಚಿನವರೆಲ್ಲ ತೂಕಡಿಸುತ್ತಿದ್ದರು. ಅವನು ರಾಜನಾಗಿರಬೇಕು ಇಲ್ಲವೇ ಸೇನಾಪತಿಯಾಗಿರಬೇಕು, ಎತ್ತರದಲ್ಲಿದ್ದರೆ ತಾನೆ ಬೀಳುವುದು ಎಂದರು. ಬೀಳುವ ಕಾರಣ ಹೊರಗಿನಿಂದ ಬರಬಾರದಂತೆ, ಅವನ ಒಳ್ಳೆಯ ಗುಣದ ಪಕ್ಕದಲ್ಲೇ ಎಲ್ಲೋ ಇರಬೇಕಂತೆ. ನಾನು ಅದನ್ನು ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಬರೆದೆ, ಮರೆತೆ. ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆ ಸೇರಿದ ಮೇಲೆ ರಾಜರ ಕಥೆ ಕಟ್ಟಿಕೊಂಡು ನನಗೇನು?

ಮೇಷ್ಟ್ರ ಮಾತು ಮತ್ತೆ ನೆನಪಾದದ್ದು ನನ್ನ ದೊಡ್ಡಪ್ಪನ ದೆಸೆಯಿಂದ. ಅವರು ರಾಜರೂ ಅಲ್ಲ, ಸೇನಾಪತಿಯೂ ಅಲ್ಲ. ಕೈಮಗ್ಗ ನೇಯುವವರು. ಬಿ.ಪಿ. ಮಾತ್ರೆ ನುಂಗಲು ಮರೆತು ದೊಡ್ಡಮ್ಮನ ಹತ್ತಿರ ಬೈಸಿಕೊಳ್ಳುವವರು, ಟೌನ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಕಂಡವರ ಜೊತೆ ಜಗಳಕ್ಕೆ ನಿಲ್ಲುವವರು. ಆದರೂ ನಮ್ಮ ಬೀದಿಯ ಮಟ್ಟಿಗೆ ಅವರಿಗೊಂದು ಎತ್ತರ ಇತ್ತು. ಅದೇನೆಂದು ತಿಳಿಯಬೇಕಾದರೆ ನಮ್ಮವರ ವಿಷಯ ಸ್ವಲ್ಪ ಹೇಳಬೇಕು.

ನಾವು ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲೇ ನೆಲೆಸಿದ ಕನ್ನಡದ ನೇಕಾರರು. ಹೊಸ್ತಿಲ ಹೊರಗೆ ತಮಿಳು, ಒಳಗೆ ಕನ್ನಡ. ಕನ್ನಡ ಅಕ್ಷರ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ, ಮೈಸೂರು ಕಡೆಯಿಂದ ಕಂಪನಿಗೆ ಬಂದಿದ್ದ ಒಬ್ಬರಿಂದ, ಹಠಕ್ಕೆ ಬಿದ್ದು. ಅಕ್ಷರ ಹೋದರೂ ನಮ್ಮವರು ಬಿಡದೆ ಉಳಿಸಿಕೊಂಡದ್ದು ಮನೆತನ. ಪ್ರತಿಯೊಂದು ಕುಟುಂಬವೂ ಯಾವುದೋ ಒಂದು 'ಮನೆ'ಗೆ ಸೇರಿದ್ದು. ಒಂದೇ ಮನೆಯವರು ಎಷ್ಟೇ ದೂರದ ಊರಿನಲ್ಲಿದ್ದರೂ ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಮದುವೆ ಕೂಡದು. ಕೆಲವು ಮನೆಗಳಿಗೆ ಬೇರೆ ಮನೆಗಳ ಜೊತೆಯೂ ಅಣ್ಣತಮ್ಮಿಕೆ ಇದೆ, ಅಲ್ಲಿಯೂ ಕೂಡದು. ಪ್ರತಿ ಮನೆಗೂ ಒಂದು ನಿಷೇಧ. ಒಂದು ಮನೆಯವರು ಕಪ್ಪು ಸೀರೆ ಉಡುವುದಿಲ್ಲ, ಇನ್ನೊಂದು ಮನೆಯವರು ಅಂಗಳದಲ್ಲಿ ನುಗ್ಗೆಮರ ಬೆಳೆಸುವುದಿಲ್ಲ. ನಮ್ಮ ಮನೆಯವರು ಸೋರೆಕಾಯಿ ಮುಟ್ಟುವುದಿಲ್ಲ. ನಮ್ಮ ಹಿರಿಯರು ದಕ್ಷಿಣಕ್ಕೆ ಬರುವಾಗ ತುಂಬಿದ ಹೊಳೆಯೊಂದು ಅಡ್ಡ ಬಂತಂತೆ, ಒಣಗಿದ ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ದಾಟಿದರಂತೆ. ಕಾಪಾಡಿದ್ದನ್ನು ತಿನ್ನುವುದು ಹೇಗೆ ಎಂದು ಬಿಟ್ಟರಂತೆ. ಯಾವ ಹೊಳೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮದುವೆ ನಿಶ್ಚಯದ ದಿನ ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಳ್ಳುವ ಮೊದಲು ಹಿರಿಯರೊಬ್ಬರು ಎಲ್ಲರೆದುರು "ಯಾವ ಮನೆ?" ಎಂದು ಕೇಳಬೇಕು. ನಮ್ಮ ಬೀದಿಯಲ್ಲಿ ಆ ಪ್ರಶ್ನೆ ಕೇಳುವವರು ದೊಡ್ಡಪ್ಪ. ಯಾವ ಮನೆಗೆ ಯಾವ ಮನೆ ಅಣ್ಣ, ಯಾವುದು ತಮ್ಮ ಎಂಬುದು ಅವರಿಗೆ ಕರತಲಾಮಲಕ. ಅವರು ತಲೆಯಾಡಿಸಿದರೆ ಮಾತ್ರ ತಾಂಬೂಲ. ಅವರ ಎತ್ತರ ಅಂದೆನಲ್ಲ, ಅಷ್ಟೇ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಒಂದು ಮದುವೆ ನಿಲ್ಲಿಸಿದರು. ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದ ಒಬ್ಬ ಅಕ್ಕನ ಮದುವೆ ಅದು. ಗಂಡಿನ ಊರಿನಲ್ಲಿ ನಿಶ್ಚಯವಾಗಿತ್ತು, ಅಲ್ಲಿ ಯಾರೋ ಕಾಟಾಚಾರಕ್ಕೆ ಪ್ರಶ್ನೆ ಕೇಳಿ ಮುಗಿಸಿದ್ದರು. ಇಲ್ಲಿ ಚಪ್ಪರ ಹಾಕಿದ ದಿನ ದೊಡ್ಡಪ್ಪ ಗಂಡಿನ ಸೋದರಮಾವನ ಜೊತೆ ಕಾಫಿ ಕುಡಿಯುತ್ತ ಮಾತಿಗೆ ಕೂತರು. ಲೋಟ ಕೆಳಗಿಡುವಷ್ಟರಲ್ಲಿ ಆ ಎರಡು ಮನೆಗಳಿಗೂ ಅಣ್ಣತಮ್ಮಿಕೆ ಇದೆ ಎಂದು ಗೊತ್ತಾಯಿತು. ಅವರು ಕೂಗಾಡಲಿಲ್ಲ. ಚಪ್ಪರ ಬಿಚ್ಚಿಸಿ ಎಂದರು, ಬಿಚ್ಚಿಸಿದರು. ಆ ಅಕ್ಕ ಅರಿಶಿನ ಹಚ್ಚಿದ ಕೈಯಲ್ಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಅವಳಿಗೆ ಬಂದ ಸಂಬಂಧಗಳೆಲ್ಲ 'ನಿಂತ ಮದುವೆಯ ಹುಡುಗಿ' ಎಂಬ ಮಾತು ಕಿವಿಗೆ ಬೀಳುತ್ತಿದ್ದಂತೆ ಹಿಂದಕ್ಕೆ ಹೋದವು. ಅವಳು ಬೀದಿಯಲ್ಲೇ ಉಳಿದಳು. ಮಗ್ಗದವರಿಗೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಟ್ಟು ಜೀವನ ಮಾಡಿದಳು. ದೊಡ್ಡಪ್ಪ ನೂಲು ಸುತ್ತಲು ಅವಳಿಗಲ್ಲದೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅವಳು ಬಂದರೆ ಮಗ್ಗ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿದ್ದನ್ನು ನಾನು ಕಂಡಿಲ್ಲ.

ದೊಡ್ಡಪ್ಪನಿಗೆ ಒಬ್ಬಳೇ ಮಗಳು. ಕೊಯಮತ್ತೂರಿನ ಪಂಪು ತಯಾರಿಸುವ ಕಂಪನಿಯ ಆಫೀಸಿನಲ್ಲಿ ಕೆಲಸ. ಅಲ್ಲಿಯೇ ಅನ್ನೂರಿನ ಹುಡುಗನೊಬ್ಬನನ್ನು ಮೆಚ್ಚಿಕೊಂಡಳು. ಮನೆಯಲ್ಲಿ ಹೇಳಿದ ದಿನ ದೊಡ್ಡಮ್ಮ ಬೇರೆ ಜಾತಿಯೋ ಏನೋ ಎಂದು ಎದೆ ಹಿಡಿದುಕೊಂಡು ಕೂತಿದ್ದರು. ದೊಡ್ಡಪ್ಪ ಕೇಳಿದ್ದು ಒಂದೇ, ಯಾವ ಮನೆ ಎಂದು. ಹುಡುಗ ನಮ್ಮವನೇ, ಮನೆಯೂ ಬೇರೆ. ಅವರ ಮುಖ ಅರಳಿತು. "ನೋಡ್ದೇನ, ನನ್ನ ಮಗಳು ಪ್ರೀತಿ ಮಾಡಾದ್ನೂ ಮನೆ ಕೇಳ್ಕಂಡೇ ಮಾಡ್ಯಾಳ" ಎಂದು ಬೀದಿಯೆಲ್ಲ ಹೇಳಿಕೊಂಡು ಬಂದರು. ಅವಳು ಹಾಗೇನೂ ಕೇಳಿರಲಿಲ್ಲ, ಅದೃಷ್ಟ ಅಷ್ಟೇ ಎಂದು ನನ್ನ ಹತ್ತಿರ ಹೇಳಿ ನಕ್ಕಳು.

ನಿಶ್ಚಯ ಅನ್ನೂರು ರಸ್ತೆಯ ಒಂದು ಸಣ್ಣ ಮಂಡಪದಲ್ಲಿ ನಡೆಯಿತು. ಹೆಣ್ಣಿನ ಅಪ್ಪನೇ ಪ್ರಶ್ನೆ ಕೇಳುವಂತಿಲ್ಲವಾದ್ದರಿಂದ ಇನ್ನೊಬ್ಬ ಹಿರಿಯರು ಕೇಳಿದರು. ಗಂಡಿನ ಕಡೆಯವರು ತಮ್ಮ ಮನೆ ಹೇಳಿದರು, ನಾವು ನಮ್ಮದು ಹೇಳಿದೆವು, ತಾಂಬೂಲ ಕೈ ಬದಲಾಯಿತು. ಕೇಳಬೇಕಾದ್ದನ್ನು ಕೇಳಿ ಆಗಿತ್ತು. ಇನ್ನು ಉಳಿದದ್ದು ಊಟ.

ಅಡುಗೆ ಗುತ್ತಿಗೆ ಹಿಡಿದಿದ್ದ ತಮಿಳಿನವರಿಗೆ ಸೋರೆಕಾಯಿ ಬೇಡ ಎಂದು ದೊಡ್ಡಮ್ಮ ಮೊದಲೇ ಹೇಳಿದ್ದರು. ಅವರು ಮರೆತು ಸೋರೆಕಾಯಿ ಕೂಟು ಮಾಡಿಬಿಟ್ಟಿದ್ದರು. ದೊಡ್ಡಮ್ಮ ಅಡುಗೆಮನೆಗೆ ಹೋಗಿ ಅವರ ಗ್ರಹಚಾರ ಬಿಡಿಸಿ ಬಂದರು. ನಮ್ಮ ಸಾಲಿನವರೆಲ್ಲ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡವೆಂದೆವು. ಎದುರು ಸಾಲಿನಲ್ಲಿ ಹುಡುಗನ ಅಜ್ಜಿ ಕೂತಿದ್ದರು. ಅವರೂ ಕೈ ಅಡ್ಡ ಹಿಡಿದರು.

ದೊಡ್ಡಪ್ಪ ನಗುತ್ತ ಕೇಳಿದರು. "ಏನವ್ವಾ, ಈಗ್ಲೇ ನಮ್ಮನೆ ಸೇರ್ಕಂಡ್ಯಾ?"

"ನಮ್ಮನೆಯಾಗೂ ಅದ ಮುಟ್ಟಾದಿಲ್ಲಪ್ಪಾ" ಎಂದರು ಅಜ್ಜಿ.

"ಅವ್ವಂಗ ವಾಯು, ಅದಕ್ಕ ತಿನ್ನಾದಿಲ್ಲ" ಎಂದರು ಹುಡುಗನ ಅಪ್ಪ. ಅವರಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಹೇಳಿದ್ದು. ಇಲ್ಲಿಗೆ ನಿಲ್ಲಿಸಬಹುದಿತ್ತು. ಸಾಂಬಾರು ಬಂದಿತ್ತು, ಜನ ಕಲಸಿಕೊಳ್ಳುತ್ತಿದ್ದರು, ಯಾರ ಗಮನವೂ ಇತ್ತ ಇರಲಿಲ್ಲ. ದೊಡ್ಡಪ್ಪ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ನಿಮ್ಮನೆ ಅಂದ್ರ ಯಾವ್ದವ್ವಾ? ಅಪ್ಪನ ಮನೆಯಾ, ಗಂಡನ ಮನೆಯಾ?"

"ಅಪ್ಪನ ಮನೆಯಾಗ ತಿಂತಿದ್ವಿ. ಅವರು ಬಂದ ಮ್ಯಾಲೇ ನಿಂತೋಯ್ತು. ನಮ್ಮಪ್ಪಂಗ ಗಂಡುಮಕ್ಕಳಿಲ್ಲ, ಅವರ್ನ ಮನೆಯಳಿಯ ಮಾಡ್ಕಂಡಿತ್ತು."

"ಅವರ್ಯಾಕ ತಿಂತಿರ್ಲಿಲ್ಲ?"

"ಅವರ ಹಿರೀಕರ್ನ ಹೊಳೆ ದಾಟಿಸ್ತಂತಲ್ಲಪ್ಪಾ ಸೋರೆಬುರುಡೆ" ಎಂದರು ಅಜ್ಜಿ, ತುಂಬ ಸಂತೋಷದಿಂದ. ಬಹಳ ದಿನಗಳಾಗಿತ್ತೇನೋ ಅವರ ಗಂಡನ ಬಗ್ಗೆ ಯಾರಾದರೂ ಕೇಳಿ.

ಯಾರೂ ಸುಳ್ಳು ಹೇಳಿರಲಿಲ್ಲ. ಮನೆಯಳಿಯನಾಗಿ ಬಂದವನನ್ನು ಊರಿನವರು ಮಾವನ ಮನೆಯ ಹೆಸರಿನಿಂದಲೇ ಕರೆದರು, ಮಕ್ಕಳೂ ಮೊಮ್ಮಕ್ಕಳೂ ಅದನ್ನೇ ಹೇಳಿಕೊಂಡು ಬೆಳೆದರು. ಹಾದಿ ತಪ್ಪದೆ ಉಳಿದದ್ದು ಆ ಮುದುಕಿಯ ಎಲೆಯೊಂದೇ. ಹುಡುಗ ನಮ್ಮ ಮನೆಯವನೇ ಆಗಿದ್ದ.

ದೊಡ್ಡಪ್ಪ ತಲೆಯೆತ್ತಿ ಮಗಳ ಕಡೆ ನೋಡುತ್ತಾರೆ ಎಂದುಕೊಂಡೆ. ಅವರು ನೋಡಿದ್ದು ಸಾಲಿನ ತುದಿಯಲ್ಲಿ ಕೂತಿದ್ದ, ಕಂಡಿಕೆ ಸುತ್ತುವ ಆ ಅಕ್ಕನನ್ನು. ಅವಳು ತಲೆ ಬಗ್ಗಿಸಿ ಉಣ್ಣುತ್ತಿದ್ದಳು. "ಎಲ್ಲಾರೂ ಊಟ ಮುಗಿಸ್ರಿ. ಆಮ್ಯಾಲ ಮಾತಾಡಾಣ" ಎಂದರು ದೊಡ್ಡಪ್ಪ. ಎಲ್ಲರೂ ಕೈ ತೊಳೆದ ಮೇಲೆ, ತಾವು ಕೊಟ್ಟ ತಾಂಬೂಲವನ್ನು ತಾವೇ ವಾಪಸು ಕೇಳಿದರು.

ಮುಂದಿನ ದಿನಗಳಲ್ಲಿ ಅವರ ಮನೆಗೆ ಹೋಗದವರಿಲ್ಲ. ಈ ಕಾಲದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎಂದರು. ಅಜ್ಜನ ಕಾಲಕ್ಕೇ ಮನೆ ಬದಲಾಯಿತು ಎಂದುಕೊಳ್ಳಿ ಎಂದರು. ಮೊದಲು ಅವರ ಮಾತಿಗೆ ತಲೆಬಾಗಿ ಚಪ್ಪರ ಬಿಚ್ಚಿದ್ದ ಜನವೇ ಈಗ ಹೀಗೆ ಹೇಳುತ್ತಿತ್ತು. ನನಗೆ ಅವರ ಮೇಲೂ ಸಿಟ್ಟು ಬಂತು, ದೊಡ್ಡಪ್ಪನ ಮೇಲೂ ಬಂತು. ಮಗಳು ಒಂದೇ ಒಂದು ಸಲ ಕೇಳಿದಳು.

"ಅಪ್ಪಾ, ಆ ಅಜ್ಜಿ ಅವತ್ತು ಸೋರೆಕಾಯಿ ತಿಂದ್ಬುಟ್ಟಿದ್ರ ಏನ್ ಮಾಡ್ತಿದ್ದೆ?"

"ತಿನ್ಲಿಲ್ಲಲ್ಲಮ್ಮಾ" ಎಂದರು ದೊಡ್ಡಪ್ಪ.

ಕೊನೆಗೆ ಬಂದವಳು ಆ ಅಕ್ಕ. ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಬಂದಿದ್ದಳು. ನಾನು ಅಲ್ಲೇ ಇದ್ದೆ. ದೊಡ್ಡಪ್ಪ ಎಂದಿನಂತೆ ಎದ್ದು ನಿಂತರು. ಅವಳು ಬುಟ್ಟಿ ಕೆಳಗಿಟ್ಟಳು. ಆಮೇಲೆ ಮಗ್ಗದ ಕಡೆ ನೋಡುತ್ತ "ಬುಟ್ಬುಡಿ ಮಾಮಾ. ಮಾಡ್ಕಳ್ಲಿ" ಎಂದಳು.

ದೊಡ್ಡಪ್ಪ "ಹಂಗಾದ್ರ ನಿಂಗ ಮಾಡಿದ್ದು?" ಎಂದರು.

"ಅದ ನಾ ನೋಡ್ಕತೀನಿ."

"ನನ್ನ ಮಗಳಿಗ ಬುಟ್ರ, ನಿಂಗ ಮಾಡಿದ್ದು ಏನೂ ಇಲ್ದಂಗಾಯ್ತದಲ್ಲಮ್ಮಾ. ಸುಮ್ಸುಮ್ನೆ ಮಾಡ್ದಂಗಾಯ್ತದ."

ಅವಳು ಕಂಡಿಕೆಗಳನ್ನು ಮಗ್ಗದ ಪಕ್ಕ ಸುರಿದಳು. ಖಾಲಿ ಬುಟ್ಟಿ ತೆಗೆದುಕೊಂಡು ಹೋದಳು. ಮೇಷ್ಟ್ರ ಪಾಠ ನೆನಪಾದದ್ದು ಆಗ. ನಮ್ಮಲ್ಲಿ ಕಷ್ಟ ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ಅಯ್ಯೋ ಪಾಪ ಎನ್ನುತ್ತೇವೆ. ಘಾಟಿಯಲ್ಲಿ ಬಸ್ಸು ಉರುಳಿ ಸತ್ತವನೂ ಪಾಪ, ಮಿಲ್ಲು ಮುಚ್ಚಿ ಕೆಲಸ ಹೋದವನೂ ಪಾಪ. ಪಾಪವೇ, ಇಲ್ಲವೆನ್ನುವುದಿಲ್ಲ. ಆದರೆ ಅವರೆದುರಿಗೆ ಬೇರೆ ದಾರಿ ಇರಲಿಲ್ಲ. ದೊಡ್ಡಪ್ಪನ ಎದುರಿಗೆ ಇತ್ತು, ಅದನ್ನು ಊರೆಲ್ಲ ಬೆರಳಿಟ್ಟು ತೋರಿಸುತ್ತಿತ್ತು. ಆ ದಾರಿ ಹಿಡಿದಿದ್ದರೆ ಮಗಳ ಮದುವೆ ಆಗುತ್ತಿತ್ತು, ಅವರು ಮಾತ್ರ ಅವರಾಗಿ ಉಳಿಯುತ್ತಿರಲಿಲ್ಲ. ರಾಜನೇ ಆಗಬೇಕೆಂದು ಮೇಷ್ಟ್ರು ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಿತು. ಒಂದು ಪ್ರಶ್ನೆ ಕೇಳುವ ಹಕ್ಕು ಇದ್ದರೆ ಸಾಕು, ಬೀಳುವುದಕ್ಕೆ ಅಷ್ಟು ಎತ್ತರ ಧಾರಾಳವಾಯಿತು.

ಮಗಳು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ದೊಡ್ಡಮ್ಮ ಹೋದರು, ನಾನೂ ಹೋದೆ. ದೊಡ್ಡಪ್ಪ ಅಂದು ಮಗ್ಗದಲ್ಲಿ ಕೂತಿದ್ದರಂತೆ, ನೇಯಲಿಲ್ಲವಂತೆ. ಆಮೇಲೆ ಯಾವ ನಿಶ್ಚಯಕ್ಕೂ ಅವರು ಹೋಗಲಿಲ್ಲ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮೆಲ್ಲಗೆ ಪ್ರಶ್ನೆ ಕೇಳುವುದೇ ನಿಂತುಹೋಯಿತು. ಈಗ ಫೋಟೋ ತೆಗೆಯುವವನು ಹೇಳಿದಾಗ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ.

ಹೋದ ವರ್ಷ ನಮ್ಮ ಬೀದಿಯದೇ ಒಂದು ಮದುವೆಗೆ ದೊಡ್ಡಪ್ಪ ಬಂದಿದ್ದರು, ಊಟಕ್ಕೆ ಮಾತ್ರ. ಮಗಳೂ ತನ್ನ ಮಗುವಿನ ಜೊತೆ ಬಂದಿದ್ದಳು. ಅಪ್ಪ ಮಗಳ ನಡುವೆ ಮಾತಿಲ್ಲ, ಏನಿದ್ದರೂ ದೊಡ್ಡಮ್ಮನ ಮೂಲಕವೇ. ಆದರೆ ಮಗುವಿಗೆ ಅದೆಲ್ಲ ಎಲ್ಲಿ ಗೊತ್ತು? ಪಂಕ್ತಿಯಲ್ಲಿ ಖಾಲಿ ಇದ್ದ ಜಾಗ ನೋಡಿ ಓಡಿಬಂದು ಅಜ್ಜನ ಪಕ್ಕದಲ್ಲಿ ಕೂತಿತು. ದೊಡ್ಡಪ್ಪ ಅದರ ಎಲೆಗೆ ನೀರು ಚಿಮುಕಿಸಿ ಒರೆಸಿಕೊಟ್ಟರು.

ಬಡಿಸುವವನು ಬಂದ, ನಮ್ಮ ಬೀದಿಯವನೇ. ಸೋರೆಕಾಯಿ ಕೂಟು. ದೊಡ್ಡಪ್ಪ ತಮ್ಮ ಎಲೆಯ ಮೇಲೆ ಒಂದು ಕೈ, ಮಗುವಿನ ಎಲೆಯ ಮೇಲೆ ಇನ್ನೊಂದು ಕೈ ಅಡ್ಡ ಹಿಡಿದರು. "ಇದಕ್ಕೂ ಬ್ಯಾಡ. ನಮ್ಮನೆಯಾಗ ತಿನ್ನಾದಿಲ್ಲ" ಎಂದರು.

ಮಗಳ ಮಕ್ಕಳು ನಮ್ಮ ಮನೆಯವರಾಗುವುದಿಲ್ಲ, ಅವರ ಅಪ್ಪನ ಮನೆಗೆ ಸೇರುತ್ತಾರೆ. ಈ ಮಗು ಮಾತ್ರ ಆ ಕಡೆಯಿಂದಲೂ ನಮ್ಮದೇ. ಹೇಳಿದ ಮೇಲೆ ಅದು ಅವರಿಗೇ ಹೊಳೆದಿರಬೇಕು, ಮುಖದಲ್ಲಿ ಏನೋ ಸಡಿಲವಾಯಿತು.

ಹಿಂದೆ ನಿಂತಿದ್ದ ಮಗಳು ಬಡಿಸುವವನಿಗೆ ಹೇಳಿದಳು. "ಪೋಡುಂಗಣ್ಣಾ, ಅವ ತಿನ್ನುವಾ." ಹಾಕಣ್ಣಾ, ಅವಳು ತಿಂತಾಳೆ ಎಂದು. ಅಪ್ಪನಿಗೆ ತಾಗಲೆಂದೇ ತಮಿಳಿನಲ್ಲಿ ಹೇಳಿದಳೋ, ಹಾಗೇ ಬಾಯಿಗೆ ಬಂತೋ ತಿಳಿಯಲಿಲ್ಲ.

ದೊಡ್ಡಪ್ಪ ಮಗುವಿನ ಎಲೆಯ ಮೇಲಿನ ಕೈ ತೆಗೆದರು. ಅವನು ಬಡಿಸಿದ. ಮಗು ಅನ್ನ ಬಿಟ್ಟು ಕೂಟನ್ನೇ ಬಾಚಿಕೊಂಡು ತಿಂದು, ಮುಂದಕ್ಕೆ ಹೋಗುತ್ತಿದ್ದ ಬಕೆಟ್ಟಿನ ಕಡೆ ನೋಡಿತು. ದೊಡ್ಡಪ್ಪ ತಾವೇ ಗಟ್ಟಿಯಾಗಿ ಕೂಗಿದರು. "ತಂಬೀ, ಇಲ್ಲಿ ಮಗೂಗ ಇನ್ನೊಂದೀಟು ಹಾಕು."

ಬಡಿಸುವವನು ತಿರುಗಿ ಬಂದು ಹಾಕಿ ಹೋದ. ದೊಡ್ಡಪ್ಪ ಅವತ್ತಿನಂತೆಯೇ ತಲೆಯೆತ್ತಿ ಎದುರು ಸಾಲಿನ ಕಡೆ ನೋಡಿದರು. ಕಂಡಿಕೆ ಸುತ್ತುವ ಅಕ್ಕ ಅಲ್ಲಿ ಕೂತಿದ್ದಳು. ಮಗಳಿಗೆ ಬಿಡದ್ದನ್ನು ಮೊಮ್ಮಗುವಿಗೆ ಬಿಟ್ಟದ್ದನ್ನು ಅವಳು ನೋಡಿದ್ದಳು. ಅವಳು ಎಲೆ ಮಡಚಿ, ಸೆರಗು ಸರಿಮಾಡಿಕೊಂಡು ಎದ್ದಳು. ಪಾಯಸ ಇನ್ನೂ ಬಂದಿರಲಿಲ್ಲ.