ಮೂರು ಸಲ ನೋಡುವ ಬಸಲಿಂಗ

ಆಯುಧಪೂಜೆಯ ದಿನ ಪೀಣ್ಯದ ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ನಾನು ಶಾಲು ಹಿಡಿದುಕೊಂಡು ನಾಲ್ಕು ನಿಮಿಷ ನಿಂತಿದ್ದೆ. ಹೊದಿಸಿಕೊಳ್ಳಬೇಕಾದವನು ನಾಪತ್ತೆ. ‘ವರ್ಷದ ಉತ್ತಮ ಕೆಲಸಗಾರ ಬಸಲಿಂಗ! ಯಾವುದನ್ನೂ ಮೂರು ಸಲ ನೋಡದೆ ಬಿಡುವವನಲ್ಲ!’ ಎಂದು ನಾನೇ ಆಡಳಿತಾಧಿಕಾರಿಯ ಗತ್ತಿನಲ್ಲಿ ಮೈಕಿನಲ್ಲಿ ಕೂಗಿಯಾಗಿತ್ತು. ಚಪ್ಪಾಳೆಯೂ ಮುಗಿದಿತ್ತು. ಗಾಬರಿಯಲ್ಲಿ ಪಕ್ಕದಲ್ಲಿ ನಿಂತಿದ್ದವರಿಗೇ ಶಾಲು ಹೊದಿಸಿಬಿಟ್ಟೆ. ಅವರು ಕಡ್ಲೆಪುರಿ ಬುಟ್ಟಿ ಹಿಡಿದಿದ್ದ ಕ್ಯಾಂಟೀನಿನ ರಾಮಾಂಜಿನಪ್ಪ.

‘ಕೊನೆಗೂ ಆ ಉಪ್ಪಿಟ್ಟಿಗೆ ಮರ್ಯಾದೆ ಸಿಕ್ತು ಕಣ್ರೋ!’ ಎಂದು ಲೇತ್ ವಿಭಾಗದ ಲೋಕೇಶ್ ಅರಚಿದ. ಇಡೀ ಕಾರ್ಖಾನೆ ನಕ್ಕಿತು.

ಬಸಲಿಂಗ ಹಿಂಭಾಗದ ಕಂಪ್ರೆಸರ್ ಕೋಣೆಯಲ್ಲಿ ಸಿಕ್ಕಿದ. ಅಂದು ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ ಹಾರ ಹಾಕಿರುತ್ತೇವೆ, ಯಾರೂ ಮುಟ್ಟುವಂತಿಲ್ಲ. ಹಿಂದಿನ ಸಂಜೆಯೇ ಎಲ್ಲ ಬಂದ್ ಆಗಿದ್ದವು. ಇವನು ಮಾತ್ರ ಸ್ವಿಚ್ಚನ್ನೇ ದಿಟ್ಟಿಸುತ್ತ ಬೆವರುತ್ತಿದ್ದ.

‘ಏನಯ್ಯಾ, ನನ್ನ ಮಾನ ತೆಗೆದ್ಯಲ್ಲ?’

‘ಬಂದ್ ಮಾಡೀನೋ ಇಲ್ಲೋ ಅಂತ ನೋಡಾಕ ಬಂದ್ನಿರಿ ಸರ.’

‘ಆಫ್ ಆಗಿದೆ ಕಣಯ್ಯಾ!’

‘ಖರೇ ಏನ್ರಿ ಸರ?’

ಎರಡು ದಿನ ಕಳೆದು ರಾಜೀನಾಮೆ ಪತ್ರ ತಂದಿಟ್ಟ.

ಲಿಂಗಸೂರಿನಿಂದ ಬಂದು ಹದಿಮೂರು ವರ್ಷ ನಮ್ಮಲ್ಲಿ ದುಡಿದವನು. ಗಾರ್ಮೆಂಟ್ಸಿಗೆ ಹೋಗುವ ಹೆಂಡತಿ ಮಹಾದೇವಿಯೊಂದಿಗೆ ಮಾಕಳಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಶಿಫ್ಟ್ ಮುಗಿದಾಗ ಗಾಳಿ ಒತ್ತಿ ತುಂಬುವ ಆ ಕಂಪ್ರೆಸರ್ ಆರಿಸುವುದು ಅವನ ಕೆಲಸ. ವರ್ಷದಿಂದೀಚೆಗೆ ಆರಿಸಿ ಗೇಟಿಗೆ ಬಂದರೆ ಅನುಮಾನ, ವಾಪಸು ಓಟ. ಮತ್ತೆ ಗೇಟು, ಮತ್ತೆ ಓಟ, ಐದಾರು ಸಲ. ಐದೂ ನಲವತ್ತರ ಕಂಪನಿ ಬಸ್ಸು ದಿನವೂ ಅವನನ್ನು ಬಿಟ್ಟೇ ಹೋಗುತ್ತಿತ್ತು.

‘ರಾತ್ರಿ ಅದು ಹಂಗಽ ಓಡಿ ಸಿಡಿದು ವಾಚ್‌ಮನ್ ಸತ್ರ ಕೊಂದಾವ ನಾನಽ ಆಗ್ತೀನ್ರಿ. ಹುಚ್ಚು ಹಿಡಿಯಾಕತ್ತೈತಿ. ಅದಕ್ಕ ಕೆಲಸ ಬಿಡ್ತೀನಿ.’

ಈ ಸಂಕಟಕ್ಕೇ ನಾನು ಶಾಲು ತರಿಸಿದ್ದೆ! ಪತ್ರವನ್ನು ಡ್ರಾಯರಿನಲ್ಲಿಟ್ಟು, ಮೂರು ತಿಂಗಳು ನೋಡೋಣ ಎಂದೆ.

ಮೊದಲ ವೈದ್ಯ ನಾನೇ. ‘ಟೆನ್ಷನ್ ತಗೋಬೇಡ’ ಎಂದೆ. ಟೆನ್ಷನ್ ಆಗುತ್ತಿದೆಯಲ್ಲ ಎಂಬ ಹೊಸ ಟೆನ್ಷನ್ ಸೇರಿಕೊಂಡಿತು. ಆಮೇಲೆ ಫೋನಿನಲ್ಲಿ ಮಾತಾಡುವ ಆಪ್ತಸಲಹೆಗಾರರನ್ನು ಹುಡುಕಿಕೊಟ್ಟೆ. ಅವರದು ಬರೀ ಇಂಗ್ಲಿಷ್. ಮುಕ್ಕಾಲು ಗಂಟೆ ಅವರು ಹೇಗನ್ನಿಸುತ್ತಿದೆ ಎಂದು ಕೇಳಿದರಂತೆ, ಇವನು ‘ಫೈನ್ ಮೇಡಂ’ ಎಂದನಂತೆ.

ಸರಿಯಾದ ಜಾಗ ಹುಡುಕಿದವಳು ಮಹಾದೇವಿ. ಹೊಲಿಗೆ ಸಾಲಿನ ಗೆಳತಿಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಯ ಮನೋವಿಭಾಗಕ್ಕೆ ಗಂಡನನ್ನು ಕರೆದೊಯ್ದಳು. ಬಾಸ್ ಅಂತ ನಾನೂ ಹೋದೆ. ಅಲ್ಲಿನ ಆಪ್ತಸಲಹೆಗಾರ್ತಿ ಕೃಪಾ ಮೇಡಂ ಕನ್ನಡದಲ್ಲಿ, ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಏನಾದೀತೆಂಬ ಭಯ ಎಂದೆಲ್ಲ ಕೇಳಿ ಬರೆದುಕೊಂಡರು.

‘ನನ್ನಂಗ ಮತ್ಯಾರರ ಅದಾರೇನ್ರಿ ಮೇಡಂ?’

‘ಇವತ್ತಿಗೆ ನೀವು ನಾಲ್ಕನೆಯವರು.’

ಬಸಲಿಂಗನ ಮುಖದಲ್ಲಿ ವರ್ಷದ ನಂತರ ಒಂದು ನಗೆ ಸುಳಿಯಿತು.

ಇದಕ್ಕೆ ಒಸಿಡಿ, ಅಂದರೆ ಗೀಳು ಕಾಯಿಲೆ ಅಂತಾರೆ, ಹುಚ್ಚಲ್ಲ ಎಂದರು ಮೇಡಂ. ‘ತಿರುಗಿ ಹೋಗಿ ನೋಡಿದಾಗಲೆಲ್ಲ ಅನುಮಾನಕ್ಕೆ ಊಟ ಹಾಕ್ತಿದ್ದೀರಿ. ಒಂದೇ ಸಲ ನೋಡಿ, ನಡೀರಿ. ಭಯ ಏರುತ್ತೆ, ಏರಲಿ. ತಾನಾಗೇ ಇಳಿಯುತ್ತೆ. ಎಷ್ಟಿದೆ ಅಂತ ನೂರಕ್ಕೆ ಅಂಕ ಹಾಕಿ.’ ಡಾಕ್ಟರರ ಮಾತ್ರೆಯೂ ಸೇರಿತು. ನನಗೂ ಒಂದು ಪಥ್ಯ: ಅವನು ಕೇಳಿದಾಗಲೆಲ್ಲ ಆಫ್ ಆಗಿದೆ ಎಂದು ಸಮಾಧಾನ ಹೇಳಕೂಡದು, ಗೊತ್ತಿಲ್ಲ ಎನ್ನಬೇಕು. ಆಡಳಿತ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಹೇಳಿಕೊಂಡು ಬಂದವನಿಗೆ ಇದೇನು ಕಷ್ಟ?

ಮೊದಲ ವಾರಗಳಲ್ಲಿ ಗೇಟಿನ ಸರಳು ಹಿಡಿದು ನಿಂತು, ಸೋತು, ಎಷ್ಟೋ ಸಲ ವಾಪಸು ಓಡಿದ. ಮೂರನೇ ವಾರದ ಗುರುವಾರ ಬಸ್ಸಿನಲ್ಲಿ ಕೂತೇಬಿಟ್ಟ. ಮರುದಿನ ಅವನು ಒಪ್ಪಿಸಿದ ಲೆಕ್ಕ: ದಾಸರಹಳ್ಳಿಯಲ್ಲಿ ಭಯ ತೊಂಬತ್ತು, ಮಾದಾವರದಲ್ಲಿ ಅರವತ್ತು, ಮಾಕಳಿಯಲ್ಲಿ ಮೂವತ್ತೈದು. ಭಯ ಇಳಿಯುವಷ್ಟು ಹೊತ್ತು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿದ್ದಕ್ಕೆ ತುಮಕೂರು ರಸ್ತೆಯ ಟ್ರಾಫಿಕ್ಕಿಗೆ ಜೀವನದಲ್ಲಿ ಮೊದಲ ಸಲ ಕೈಮುಗಿದೆ.

ಮೂರು ತಿಂಗಳಾದ ಮೇಲೆ ಅವನೇ ಬಂದು ರಾಜೀನಾಮೆ ಪತ್ರ ವಾಪಸು ಕೇಳಿದ. ಕೊಟ್ಟೆ. ಸಂಜೆ ಗೇಟಿನ ಬಳಿ ತಡೆಯಲಾರದೆ ಕೇಳಿದೆ:

‘ಈಗ ಅನುಮಾನ ಬರೋದೇ ಇಲ್ವೇನಯ್ಯಾ?’

‘ಬರ್ತೈತ್ರಿ ಸರ. ಬಸ್ಸೂ ಬರ್ತೈತಿ. ನಾ ಬಸ್ ಹತ್ತತೀನಿ.’